‘ಆಯ್ತು, ಮಾಡ್ತೀನಿ’ ಅಂದ ಮೇಲೆ

ಪ್ರಶ್ನೆ: ನನಗೆ 43 ವರ್ಷ. ಕೆಲಸದಲ್ಲಿ ಒಂದು ಸಣ್ಣ ತಂಡವನ್ನು ನೋಡಿಕೊಳ್ಳುತ್ತೇನೆ. ಮನೆಯಲ್ಲಿ 14 ವರ್ಷದ ಮಗಳಿದ್ದಾಳೆ. ಸುಳ್ಳು ಹೇಳುವ ಸ್ವಭಾವ ನನ್ನದಲ್ಲ. ಆದರೆ ಹೇಳಿದ್ದನ್ನು ಮಾಡುವುದರಲ್ಲಿ ಮತ್ತೆ ಮತ್ತೆ ಸೋಲುತ್ತೇನೆ. ‘ನಾಳೆ ನೋಡಿ ಕೊಡ್ತೀನಿ’ ಅಂದದ್ದು ವಾರವಾದರೂ ಹಾಗೇ ಬಿದ್ದಿರುತ್ತದೆ. ಹೋದ ವಾರ ಮಗಳಿಗೆ ‘ಭಾನುವಾರ ನಿನ್ನ ಪ್ರಾಜೆಕ್ಟಿಗೆ ಕೂತ್ಕೋತೀನಿ’ ಅಂದೆ. ಅವಳು ‘ಪರವಾಗಿಲ್ಲ ಬಿಡಮ್ಮ, ನೀನು ಹೇಳ್ತೀಯ ಅಷ್ಟೆ’ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿತು. ಇನ್ನೊಂದು ವಿಷಯ. ಮೊಬೈಲ್ ಕೆಳಗಿಡು ಅಂತ ಅವಳಿಗೆ ದಿನಾ ಹೇಳುವ ನಾನೇ ರಾತ್ರಿ ಹನ್ನೊಂದರವರೆಗೆ ಅದನ್ನು ನೋಡುತ್ತಾ ಕೂತಿರುತ್ತೇನೆ. ನಾನು ಪಾಲಿಸದ್ದನ್ನು ಅವಳಿಗೆ ಹೇಳುವುದನ್ನು ನಿಲ್ಲಿಸಬೇಕಾ? ಕೊಟ್ಟ ಮಾತನ್ನು ಏನೇ ಆದರೂ ಉಳಿಸಿಕೊಳ್ಳಲೇಬೇಕಾ? ನುಡಿದಂತೆ ನಡೆಯುವುದು ಕಲಿಯಬಹುದಾದದ್ದಾ, ಇಲ್ಲ ಹುಟ್ಟುಗುಣವಾ?

ಉತ್ತರ: ಖಂಡಿತ ಕಲಿಯಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಿಮ್ಮ ಪತ್ರದ ತುಂಬಾ ನಿಮ್ಮ ಮೇಲೆ ನಿಮಗೇ ಬೇಸರವಿದೆ. ಆ ಬೇಸರದಲ್ಲೇ ಮುಂದೆ ಓದಿದರೆ ನಾನು ಹೇಳುವುದೆಲ್ಲ ಬೈಗುಳದ ಹಾಗೆ ಕೇಳಿಸುತ್ತದೆ.

ಸುಳ್ಳು ಹೇಳುವವರಿಗೆ ಮಾತು ಕೊಡುವಾಗಲೇ ಮಾಡುವ ಮನಸ್ಸಿರುವುದಿಲ್ಲ. ನಿಮ್ಮದು ಹಾಗಲ್ಲ. ‘ಭಾನುವಾರ ಕೂತ್ಕೋತೀನಿ’ ಅಂದಾಗ ನಿಮಗೆ ನಿಜಕ್ಕೂ ಕೂರುವ ಮನಸ್ಸಿತ್ತು. ತೊಂದರೆ ಏನಂದರೆ, ಆ ಮನಸ್ಸು ಕಾಣುವುದು ನಿಮಗೊಬ್ಬರಿಗೇ. ನಿಮ್ಮನ್ನು ನೀವು ಅಳೆದುಕೊಳ್ಳುವುದು ಮನಸ್ಸಿನಲ್ಲಿ ಏನಿತ್ತು ಅನ್ನುವುದರಿಂದ. ಮಗಳು ಅಳೆಯುವುದು ಭಾನುವಾರ ಏನಾಯಿತು ಅನ್ನುವುದರಿಂದ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ‘ಒಂದೆರಡು ಸಲ ತಪ್ಪಿತು’ ಅನ್ನುವುದು ಅವಳ ಲೆಕ್ಕದಲ್ಲಿ ‘ಅಮ್ಮ ಹೀಗೇ’ ಆಗಿಬಿಟ್ಟಿರುತ್ತದೆ. ಇಬ್ಬರೂ ಪ್ರಾಮಾಣಿಕವಾಗಿಯೇ ಲೆಕ್ಕ ಹಾಕಿರುತ್ತೀರಿ.

ಮನಸ್ಸು ಮಾಡಿದ್ದೆಲ್ಲ ಕೆಲಸವಾಗುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಪ್ಯಾಸ್ಕಲ್ ಶೀರನ್ ಮತ್ತು ಥಾಮಸ್ ವೆಬ್ 2016ರಲ್ಲಿ, ಅದುವರೆಗೆ ನಡೆದ ಸಂಶೋಧನೆಗಳನ್ನು ನೋಡಿ, ಜನ ಮಾಡಬೇಕು ಅಂದುಕೊಂಡದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಮಾಡುತ್ತಾರೆ ಅಂತ ಬರೆದರು. ಅದರಲ್ಲಿ ಒಳ್ಳೆಯ ಮನಸ್ಸಿನವರು, ಕಷ್ಟಪಟ್ಟು ದುಡಿಯುವವರು ಎಲ್ಲರೂ ಇದ್ದಾರೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ‘ಇನ್ನು ಮೇಲೆ ಮನಸ್ಸು ಗಟ್ಟಿ ಮಾಡ್ಕೋತೀನಿ’ ಅನ್ನುವ ದಾರಿ ನಿಮ್ಮನ್ನು ದೂರ ಕರೆದುಕೊಂಡು ಹೋಗುವುದಿಲ್ಲ ಅಂತ ತೋರಿಸಲು ಹೇಳುತ್ತಿದ್ದೇನೆ. ನಿಮಗೆ ಮನಸ್ಸಿನ ಕೊರತೆ ಇಲ್ಲವೇ ಇಲ್ಲ.

ಹಾಗಾದರೆ ಮಾತು ತಪ್ಪುವುದು ಎಲ್ಲಿ? ನನ್ನ ಬಳಿ ಬರುವವರೆಲ್ಲ ‘ಮಾಡುವ ಹೊತ್ತಿಗೆ ಆಗಲಿಲ್ಲ’ ಅನ್ನುತ್ತಾರೆ. ಕೂತು ಬಿಡಿಸಿ ನೋಡಿದರೆ ಬಹಳಷ್ಟು ಮಾತುಗಳು ಆಡುವ ಹೊತ್ತಿನಲ್ಲೇ ಮುರಿದಿರುತ್ತವೆ. ಮಾಡುವ ದಿನ ಬಂದಾಗ ಅದು ಗೊತ್ತಾಗುತ್ತದೆ, ಅಷ್ಟೆ.

ಒಂದು ಫೋನ್ ಕರೆಯನ್ನು ನಿಧಾನವಾಗಿ ನೋಡೋಣ. ಸಂಜೆ ಆರೂವರೆ. ನೀವು ಕೆಲಸ ಮುಗಿಸಿ ಎದ್ದಿದ್ದೀರಿ, ಚೀಲ ಹೆಗಲ ಮೇಲಿದೆ. ತಂಡದ ಹುಡುಗನೊಬ್ಬ ಫೋನ್ ಮಾಡುತ್ತಾನೆ. ‘ಮೇಡಂ, ಆ ವರದಿ ರೆಡಿ ಮಾಡಿದೀನಿ. ಕಳಿಸೋ ಮೊದಲು ನೀವೊಂದ್ಸಲ ನೋಡಿದ್ರೆ...’ ಅಂತ ಎಳೆಯುತ್ತಾನೆ. ನೀವು ‘ಹೂಂ ಹೂಂ, ಕಳ್ಸು, ನಾಳೆ ನೋಡ್ತೀನಿ’ ಅನ್ನುತ್ತೀರಿ. ಅವನ ಮಾತು ನಿಂತದ್ದಕ್ಕೂ ನಿಮ್ಮ ‘ಹೂಂ’ಗೂ ನಡುವೆ ಒಂದು ಸೆಕೆಂಡೂ ಇಲ್ಲ. ಅಷ್ಟರಲ್ಲಿ ನಿಮಗೆ ಕಂಡದ್ದು ಅವನ ಸಂಕೋಚ. ಇಲ್ಲ ಅಂದರೆ ಆಗುವ ಮುಜುಗರ. ಹೂಂ ಅಂದರೆ ಬೇಗ ಮುಗಿಯುವ ಕರೆ. ಕಾಣದೇ ಹೋದದ್ದು ನಾಳೆ. ನಾಳೆ ಹತ್ತಕ್ಕೆ ಒಂದು ಮೀಟಿಂಗ್ ಇದೆ, ಹನ್ನೆರಡಕ್ಕೆ ಇನ್ನೊಂದು. ವರದಿ ಎಷ್ಟು ಪುಟ ಅಂತ ನೀವು ಕೇಳಿಯೇ ಇಲ್ಲ.

ಆ ‘ಹೂಂ’ ವರದಿಯ ಬಗ್ಗೆ ಆಡಿದ ಮಾತೇ ಅಲ್ಲ. ಅದು ಕರೆಯನ್ನು ನಗುನಗುತ್ತಾ ಮುಗಿಸಲು ಆಡಿದ ಮಾತು. ದಾಕ್ಷಿಣ್ಯದ ಮಾತು. ಆ ಹುಡುಗ ಅದನ್ನು ನಿಜ ಅಂದುಕೊಂಡು ಎರಡು ದಿನ ಕಾಯುತ್ತಾನೆ. ಮೂರನೇ ದಿನ ಕೇಳಲು ಹಿಂಜರಿಯುತ್ತಾನೆ. ನಾಲ್ಕನೇ ದಿನ ‘ಮೇಡಂ, ಜ್ಞಾಪಿಸೋಣ ಅಂತ’ ಅಂತ ಒಂದು ಮೆಸೇಜ್ ಹಾಕುತ್ತಾನೆ. ಅದನ್ನು ನೋಡಿದ ನಿಮಗೆ ಹೊಟ್ಟೆಯಲ್ಲಿ ಸಂಕಟ. ಅವನು ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತೀರಿ. ಒಂದು ಸೆಕೆಂಡಿನ ಮುಜುಗರ ತಪ್ಪಿಸಲು ಹೋಗಿ ಇಬ್ಬರಿಗೂ ಒಂದು ವಾರದ ಮುಜುಗರ.

ನುಡಿದಂತೆ ನಡೆಯಬೇಕು ಅನ್ನುವವರು ಮೊದಲು ಕೈ ಹಾಕಬೇಕಾದದ್ದು ಆ ಒಂದು ಸೆಕೆಂಡಿಗೆ. ಅದನ್ನು ಸ್ವಲ್ಪ ಉದ್ದ ಮಾಡಿ. ಉದ್ದ ಮಾಡುವ ಸುಲಭ ದಾರಿ ಅಂದರೆ ಉತ್ತರದ ಬದಲು ಪ್ರಶ್ನೆ. ‘ಎಷ್ಟು ಪುಟ ಇದೆ? ನಿಂಗೆ ಯಾವಾಗ ಬೇಕು? ಎಲ್ಲ ನೋಡಬೇಕಾ, ಒಂದು ಭಾಗ ನೋಡಿದ್ರೆ ಸಾಕಾ?’ ಆಮೇಲೆ ಉತ್ತರ. ‘ನಾಳೆ ಆಗಲ್ಲಪ್ಪ. ಗುರುವಾರ ಮೂರು ಗಂಟೆಯೊಳಗೆ ಮೊದಲ ಐದು ಪುಟ ನೋಡಿ ಹೇಳ್ತೀನಿ. ಅಷ್ಟು ಸಾಕಾಗುತ್ತಾ?’ ಈ ಮಾತು ‘ಹೂಂ’ನಷ್ಟು ಸಿಹಿಯಾಗಿಲ್ಲ. ಆದರೆ ಇದನ್ನು ನಂಬಿ ಅವನು ಮುಂದಿನ ಕೆಲಸ ಯೋಚಿಸಬಹುದು. ಏನೂ ಹೊಳೆಯದಿದ್ದರೆ ‘ಹತ್ತು ನಿಮಿಷ ಬಿಟ್ಟು ಹೇಳ್ತೀನಿ’ ಅನ್ನಿ. ಹತ್ತು ನಿಮಿಷಕ್ಕೆ ಸರಿಯಾಗಿ ಹೇಳಿ. ಸಣ್ಣದಾದರೂ ಅದೂ ಒಂದು ಕೊಟ್ಟ ಮಾತೇ.

ಮೇಲಿನವರು ಕೆಲಸ ಕೊಟ್ಟಾಗ ಇಲ್ಲ ಅನ್ನುವುದು ಎಲ್ಲರಿಂದ ಆಗುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಕೈಯಲ್ಲಿರುವ ಕೆಲಸಗಳ ಪಟ್ಟಿ ಮುಂದಿಟ್ಟು ‘ಇದನ್ನು ತಗೋತೀನಿ, ಇವುಗಳಲ್ಲಿ ಯಾವುದನ್ನು ಹಿಂದೆ ಹಾಕಲಿ?’ ಅಂತ ಕೇಳಿ. ಆಯ್ಕೆ ಅವರದ್ದಾಗಲಿ.

ಒಪ್ಪಿಕೊಂಡ ಮೇಲೆ ದಿನ ಹೇಳುವುದು ಇನ್ನೊಂದು ಕಷ್ಟ. ನಾವೆಲ್ಲ ಅದರಲ್ಲಿ ಕೆಟ್ಟವರು. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕಲ್ ರಾಸ್ ಅನ್ನುವ ಮೂವರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಬಂಧ ಬರೆಯುತ್ತಿದ್ದ ಕೊನೇ ವರ್ಷದ ವಿದ್ಯಾರ್ಥಿಗಳನ್ನು ಅವರು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂತ ಉತ್ತರ ಬಂತು. ಎಲ್ಲವೂ ಎಡವಟ್ಟಾದರೆ ಎಷ್ಟು ಅಂತಲೂ ಕೇಳಿದರು. ಸುಮಾರು 49 ದಿನ ಅಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕಿಂತ ಜಾಸ್ತಿ. ಅಂದರೆ ಎಲ್ಲ ಕೆಟ್ಟು ಹೋದರೂ ಇಷ್ಟರಲ್ಲಿ ಮುಗಿಯುತ್ತದೆ ಅಂದ ದಿನವೂ ದಾಟಿಹೋಯಿತು. ತಾವೇ ಹೇಳಿದ ಹೊತ್ತಿಗೆ ಮುಗಿಸಿದವರು ಮೂರರಲ್ಲಿ ಒಬ್ಬರೂ ಇಲ್ಲ. ಕಾರಣ ಸೋಮಾರಿತನ ಅಲ್ಲ. ದಿನ ಹೇಳುವಾಗ ಜನ ಮುಂದಿರುವ ಕೆಲಸವನ್ನಷ್ಟೇ ನೋಡುತ್ತಾರೆ. ಇಂಥದ್ದೇ ಹಳೆಯ ಕೆಲಸ ಎಷ್ಟು ಎಳೆದಿತ್ತು ಅನ್ನುವುದನ್ನು ನೆನೆಸಿಕೊಳ್ಳುವುದಿಲ್ಲ. ಬೇರೆಯವರ ಕೆಲಸ ಯಾವಾಗ ಮುಗಿಯಬಹುದು ಅಂತ ಕೇಳಿದರೆ ಇದೇ ಜನ ಇಷ್ಟೊಂದು ಆಶಾವಾದಿಗಳಾಗುವುದಿಲ್ಲ.

ಅದನ್ನೇ ನೀವು ಬಳಸಿಕೊಳ್ಳಬಹುದು. ‘ನನ್ನಷ್ಟೇ ಕೆಲಸವಿರುವ, ನನ್ನ ಹಾಗೇ ಹಿಂದೆ ತಡಮಾಡಿದ ಬೇರೊಬ್ಬರು ಈ ದಿನ ಹೇಳಿದ್ದರೆ ನಾನು ನಂಬುತ್ತಿದ್ದೆನಾ?’ ಅಂತ ಕೇಳಿಕೊಳ್ಳಿ. ಮುಂದಿನ ತಿಂಗಳ ಯಾವುದಕ್ಕಾದರೂ ಒಪ್ಪುವ ಮೊದಲು ‘ಇದು ನಾಳೆಯೇ ಇದ್ದಿದ್ದರೆ ಹೂಂ ಅಂತಿದ್ದೆನಾ?’ ಅಂತ ಕೇಳಿಕೊಳ್ಳಿ. ದೂರದ ದಿನ ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ. ಹತ್ತಿರ ಬಂದಾಗ ಅದೂ ಇವತ್ತಿನಷ್ಟೇ ಕಿಕ್ಕಿರಿದಿರುತ್ತದೆ.

ಈ ಕಿಕ್ಕಿರಿದ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರಾಮಾಣಿಕತೆ ಪೂರ್ತಿ ಗುಣದ ವಿಷಯ, ಸಮಯದ್ದಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಓದಿದ ಮೇಲೆ ಹಾಗನ್ನುವುದು ಕಷ್ಟ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಲು ಕಳಿಸಿದರು. ಅರ್ಧ ಜನರ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳು ಸಮಾರ್ಯದವನ ಬೈಬಲ್ ಕಥೆ. ಉಳಿದವರದ್ದು ಮುಂದಿನ ಉದ್ಯೋಗದ ವಿಷಯ. ಕೆಲವರಿಗೆ ‘ತಡವಾಗಿದೆ, ಓಡಿ’ ಅಂದರು. ಕೆಲವರಿಗೆ ‘ಇನ್ನೂ ಹೊತ್ತಿದೆ’ ಅಂದರು. ದಾರಿಯಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ, ಕೆಮ್ಮುತ್ತಾ ಕುಸಿದು ಕೂತಿದ್ದ. ಹೊತ್ತಿದೆ ಅಂದುಕೊಂಡವರಲ್ಲಿ 63% ಜನ ನೆರವಿಗೆ ನಿಂತರು. ತಡವಾಗಿದೆ ಅಂದುಕೊಂಡವರಲ್ಲಿ ನಿಂತದ್ದು 10% ಮಾತ್ರ. ಯಾವ ವಿಷಯದ ಮೇಲೆ ಮಾತಾಡಲು ಹೊರಟಿದ್ದರು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನೆರವಿನ ಕಥೆಯನ್ನೇ ಬಾಯಲ್ಲಿಟ್ಟುಕೊಂಡು ಹೊರಟವರೂ ನಿಲ್ಲದೆ ಹೋದರು. ಅವರು ಕಪಟಿಗಳು ಅಂತ ನನಗೆ ಅನ್ನಿಸುವುದಿಲ್ಲ. ಅವರ ಹತ್ತಿರ ಐದು ನಿಮಿಷ ಇರಲಿಲ್ಲ. ನಿಮ್ಮ ದಿನದಲ್ಲೂ ಆ ಐದು ನಿಮಿಷ ಇಲ್ಲ ಅಂತ ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ. ಅಂಚಿನವರೆಗೆ ತುಂಬಿದ ದಿನದಲ್ಲಿ ಏನಾದರೂ ಒಂದು ಹೆಚ್ಚಾದರೆ ಮೊದಲು ಹೊರಗೆ ಬೀಳುವುದು ಯಾವುದು ಗೊತ್ತಾ? ಜೋರು ಮಾಡದವರಿಗೆ ಕೊಟ್ಟ ಮಾತು. ಮಗಳು ಜೋರು ಮಾಡುವುದಿಲ್ಲ. ‘ಪರವಾಗಿಲ್ಲ ಬಿಡಮ್ಮ’ ಅನ್ನುತ್ತಾಳೆ. ಹಾಗಾಗಿ ಅವಳ ಭಾನುವಾರವೇ ಹೋಗುತ್ತದೆ, ಮೇಲಧಿಕಾರಿಯ ಸೋಮವಾರ ಹೋಗುವುದಿಲ್ಲ. ವಾರದಲ್ಲಿ ಒಂದಿಷ್ಟು ಹೊತ್ತನ್ನು ಯಾವುದಕ್ಕೂ ಕೊಡದೆ ಖಾಲಿ ಇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ವಿಶ್ರಾಂತಿಗೆ ಅಂತ ಹೇಳುತ್ತಿಲ್ಲ. ಕೊಟ್ಟ ಮಾತು ನಿಲ್ಲಲು ಜಾಗ ಬೇಕು.

ಇನ್ನು ಉಳಿಯುವುದು ಒಪ್ಪಿದ್ದನ್ನು ಮಾಡುವುದು. ‘ನೋಡ್ತೀನಿ’, ‘ಮಾಡೋಣ’, ‘ಬಿಡುವಾದಾಗ’ ಅನ್ನುವ ಮಾತುಗಳಿಗೆ ಹಿಡಿಯಲು ಹಿಡಿಕೆ ಇರುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಅನ್ನುವುದನ್ನು ಮಾತಿಗೆ ಕಟ್ಟಿಹಾಕಿ. ಪೀಟರ್ ಗೋಲ್ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆಯಿತು ಅಂತ 48 ಗಂಟೆಯೊಳಗೆ ಬರೆದು ಕಳಿಸಬೇಕು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆ ಅಂತ ಮುಂಚೆಯೇ ಗೊತ್ತುಮಾಡಿಕೊಂಡವರಲ್ಲಿ 71% ಜನ ಕಳಿಸಿದರು. ಹಾಗೆ ಗೊತ್ತುಮಾಡಿಕೊಳ್ಳದವರಲ್ಲಿ ಕಳಿಸಿದವರು 32%. ಮನಸ್ಸು ಇಬ್ಬರಿಗೂ ಇತ್ತು. ‘ಭಾನುವಾರ ಕೂತ್ಕೋತೀನಿ’ ಅನ್ನುವುದನ್ನು ‘ಭಾನುವಾರ ಬೆಳಿಗ್ಗೆ ಹತ್ತಕ್ಕೆ, ನಿನ್ನ ಮೇಜಿನ ಹತ್ತಿರ, ಒಂದು ಗಂಟೆ’ ಅಂತ ಬದಲಿಸಿ ನೋಡಿ. ಹೀಗೆ ಹೇಳಲು ಹೊರಟಾಗಲೇ ಹತ್ತಕ್ಕೆ ಬೇರೇನೋ ಇದೆ ಅಂತ ನಿಮಗೆ ಹೊಳೆಯಬಹುದು. ಆಗ ಹನ್ನೊಂದು ಅನ್ನುತ್ತೀರಿ. ಸರಿಹೋಗಬೇಕಾದದ್ದು ಮಾತಾಡುವಾಗಲೇ ಸರಿಹೋಯಿತು.

ಇಷ್ಟೆಲ್ಲ ಮಾಡಿದರೂ ಕೆಲವು ಮಾತು ತಪ್ಪುತ್ತವೆ. ಜ್ವರ ಬರುತ್ತದೆ, ಯಾರೋ ಆಸ್ಪತ್ರೆ ಸೇರುತ್ತಾರೆ, ಕೆಲಸ ಎರಡು ಪಟ್ಟಾಗುತ್ತದೆ. ಆಗ ನಿಮ್ಮ ಕೈಯಲ್ಲಿರುವುದು ಯಾವಾಗ ಹೇಳುತ್ತೀರಿ, ಏನು ಹೇಳುತ್ತೀರಿ ಅನ್ನುವುದು ಮಾತ್ರ. ಆಗಲ್ಲ ಅಂತ ನಿಮಗೆ ಗೊತ್ತಾದ ಗಳಿಗೆಯಲ್ಲೇ ಹೇಳಿ. ಗಡುವು ಮುಗಿದ ಮೇಲೆ ಹೇಳಿದರೆ ಅದು ಸಮಜಾಯಿಷಿ. ಮುಂಚೆ ಹೇಳಿದರೆ ಎದುರಿನವರಿಗೆ ಇನ್ನೊಂದು ದಾರಿ ನೋಡಲು ಹೊತ್ತು ಸಿಗುತ್ತದೆ. ಮುಂಚೆ ಬಂದು ‘ಆಗಲ್ಲ’ ಅಂದವರನ್ನು ಜನ ಮಾತಿಗೆ ತಪ್ಪಿದವರು ಅಂತ ಕರೆಯುವುದು ನಾನು ಕಂಡಂತೆ ಬಹಳ ಕಡಿಮೆ.

ಏನು ಹೇಳುತ್ತೀರಿ ಅನ್ನುವುದು ಇದಕ್ಕಿಂತ ದೊಡ್ಡದು. ಮಾರಿಸ್ ಶ್ವೈಟ್ಜರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಹಣ ಕೊಟ್ಟು ಹಿಂದಕ್ಕೆ ಪಡೆಯುವ ಒಂದು ಆಟಕ್ಕೆ ಕೂರಿಸಿದರು. ಎದುರಿನ ಆಟಗಾರ ಹಣ ಹಿಂದಿರುಗಿಸದೆ ನಂಬಿಕೆ ಕೆಡಿಸುತ್ತಾನೆ. ಆಮೇಲೆ ಸುತ್ತಿನ ಮೇಲೆ ಸುತ್ತು ಸರಿಯಾಗಿ ನಡೆದುಕೊಳ್ಳುತ್ತಾನೆ. ಹೀಗೆ ಸತತವಾಗಿ ಸರಿಯಾಗಿ ನಡೆದುಕೊಂಡಾಗ ನಂಬಿಕೆ ಮತ್ತೆ ಕೂಡಿಕೊಂಡಿತು. ಆದರೆ ನಂಬಿಕೆ ಕೆಡಿಸುವುದರ ಜೊತೆಗೆ ಸುಳ್ಳೂ ಹೇಳಿದ್ದರೆ ಅದು ಪೂರ್ತಿಯಾಗಿ ಕೂಡಿಕೊಳ್ಳಲೇ ಇಲ್ಲ. ಕ್ಷಮೆ ಕೇಳಿದರೂ, ಮತ್ತೆ ಮಾತು ಕೊಟ್ಟರೂ, ಆಮೇಲೆ ಸರಿಯಾಗಿ ನಡೆದರೂ ಅಷ್ಟೇ.

ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಾವು ದಿನಾ ಹೇಳುವ ಸಣ್ಣ ನೆಪಗಳು. ‘ಈಗ ತಾನೇ ನೋಡಿದೆ’, ‘ನೆಟ್‌ವರ್ಕ್ ಇರಲಿಲ್ಲ’, ‘ನಿನ್ನೆನೇ ಕಳಿಸ್ಬೇಕು ಅಂತಿದ್ದೆ’. ತಡವಾಗಿದ್ದು ಕ್ಷಮೆಯಾಗುತ್ತದೆ. ಅದರ ಮೇಲೆ ಮುಚ್ಚಿದ ಸುಳ್ಳು ಹೊರಗೆ ಬಂದರೆ ಹಿಂದಿನ ನಿಜಗಳ ಮೇಲೂ ಅನುಮಾನ ಬರುತ್ತದೆ. ಆ ಹುಡುಗನಿಗೆ ‘ನೋಡ್ತೀನಿ ಅಂದಿದ್ದೆ, ತೆಗೆದೇ ಇಲ್ಲ. ತಪ್ಪು ನನ್ನದು. ನಾಳೆ ಹನ್ನೊಂದರೊಳಗೆ ನೋಡಿ ಹೇಳ್ತೀನಿ’ ಅನ್ನಿ. ಮೂರೇ ಸಾಲು. ಕಾರಣ ಕೇಳಿದರೆ ನಿಜವಾದ ಕಾರಣ ಹೇಳಿ. ಕೇಳದಿದ್ದರೆ ಬೇಡ.

ಮಗಳ ಹತ್ತಿರ ಹೇಗೆ? ದಯವಿಟ್ಟು ‘ಇನ್ಮೇಲೆ ಯಾವತ್ತೂ ಮಾತು ತಪ್ಪಲ್ಲ’ ಅನ್ನಬೇಡಿ. ಅದು ನೀವು ಕೊಡಬಹುದಾದ ಅತಿ ದೊಡ್ಡ ಮಾತು, ಮತ್ತು ಅದೇ ಮೊದಲು ತಪ್ಪುವುದು. ‘ನೀನು ಹೇಳಿದ್ದು ನಿಜ. ಹೇಳ್ತೀನಿ, ಮಾಡಲ್ಲ. ಅದರಿಂದ ನಿಂಗೆ ಬೇಜಾರಾಗಿದೆ’ ಅನ್ನಿ. ಅಲ್ಲಿಗೆ ನಿಲ್ಲಿಸಿ. ಅವಳು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ‘ನಂಗೆ ಎಷ್ಟು ಕೆಲಸ ಇರುತ್ತೆ ಗೊತ್ತಾ’ ಅನ್ನುವ ವಾಕ್ಯ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಅವಳಿಗೆ ಅದು ಗೊತ್ತಿದೆ, ನೋಡುತ್ತಾ ಬೆಳೆದಿದ್ದಾಳೆ. ಆಮೇಲೆ ಒಂದು ಚಿಕ್ಕ ಮಾತು ಕೊಡಿ, ಉಳಿಸಿ. ಮತ್ತೊಂದು ಕೊಡಿ, ಉಳಿಸಿ. ಮೊದಮೊದಲು ಅವಳು ಗಮನಿಸದ ಹಾಗೆ ಇರುತ್ತಾಳೆ. ನೀವು ಕೂತ ಮೇಲೂ ‘ನೀನು ಹೋಗಮ್ಮ, ನಾನೇ ಮಾಡ್ಕೋತೀನಿ’ ಅನ್ನಬಹುದು. ಏಳಬೇಡಿ. ಹೇಳಿದ ಒಂದು ಗಂಟೆ ಅಲ್ಲೇ ಇರಿ.

ಮೊಬೈಲ್ ವಿಷಯಕ್ಕೆ ಬರೋಣ. ನೀವು ಪಾಲಿಸದ್ದನ್ನು ಹೇಳುವುದು ನಿಲ್ಲಿಸಬೇಕಾ ಅಂದಿರಿ. ಬೇಡ. ಹೇಳುವುದನ್ನು ನಿಲ್ಲಿಸಿದರೆ ನಡೆ ನುಡಿ ಸರಿಹೊಂದಿದ ಹಾಗೆ ಕಾಣುತ್ತದೆ, ಆದರೆ ಹೊಂದುವುದು ತಪ್ಪಾದ ಕಡೆಯಿಂದ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆನಪಿಡಬೇಕು. ನಂಬುವುದು ಒಂದು, ಮಾಡುವುದು ಇನ್ನೊಂದು ಆದಾಗ ಮನಸ್ಸಿಗೆ ಕಸಿವಿಸಿ. ಮಾಡುವುದನ್ನು ಬದಲಿಸುವುದು ಕಷ್ಟ. ಹಾಗಾಗಿ ಮನಸ್ಸು ಎಷ್ಟೋ ಸಲ ನಂಬಿಕೆಯನ್ನೇ ಬದಲಿಸಿಕೊಂಡು ಹಗುರಾಗುತ್ತದೆ. ‘ಮೊಬೈಲ್ ಅಷ್ಟೇನೂ ಕೆಟ್ಟದ್ದಲ್ಲ ಬಿಡು’ ಅಂತ ನಿಮಗೆ ಅನ್ನಿಸಲು ಶುರುವಾದರೆ, ಅದು ಯೋಚಿಸಿ ಬಂದ ಅಭಿಪ್ರಾಯವಾ, ಕಸಿವಿಸಿ ಕಳೆಯಲು ಬಂದದ್ದಾ ಅಂತ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ತಂತ್ರವನ್ನೂ ಮನಸ್ಸು ಹೂಡುತ್ತದೆ. ನಿಯಮ ಎಲ್ಲರಿಗೂ ಇದೆ, ನನ್ನದು ಮಾತ್ರ ಬೇರೆ ಅನ್ನುತ್ತದೆ. ‘ನಾನು ನೋಡೋದು ಕೆಲಸಕ್ಕೆ, ಅವಳು ನೋಡೋದು ಸುಮ್ನೆ.’ ಪಾದ್ರಿ ವಿದ್ಯಾರ್ಥಿಗಳ ಪ್ರಯೋಗ ಮಾಡಿದ ಬ್ಯಾಟ್ಸನ್ ಇದನ್ನೂ ಪರೀಕ್ಷಿಸಿದ್ದಾರೆ. 1997ರ ಅವರ ಪ್ರಯೋಗದಲ್ಲಿ ಎರಡು ಕೆಲಸಗಳಿದ್ದವು, ಒಂದರಲ್ಲಿ ಲಾಭ, ಇನ್ನೊಂದು ಬರೀ ಬೇಸರದ್ದು. ಯಾರಿಗೆ ಯಾವುದು ಅಂತ ನೀವೇ ಹಂಚಿ, ಬೇಕಿದ್ದರೆ ನಾಣ್ಯ ಚಿಮ್ಮಿ ಅಂತ ಬಂದವರ ಕೈಗೆ ಒಂದು ನಾಣ್ಯ ಕೊಟ್ಟರು. ಸುಮಾರು ಅರ್ಧ ಜನ ಚಿಮ್ಮಿದರು. ಚಿಮ್ಮಿದವರಲ್ಲೂ ಹತ್ತಿರ ಹತ್ತಿರ 90% ಜನ ಲಾಭದ ಕೆಲಸವನ್ನು ತಮಗೇ ಇಟ್ಟುಕೊಂಡರು. ನಾಣ್ಯ ಅಷ್ಟು ಸಲ ಒಂದೇ ಕಡೆ ಬೀಳುವುದಿಲ್ಲ ಅಲ್ವಾ? ನ್ಯಾಯವಾಗಿ ಕಾಣಿಸುವ ಆಸೆ ಇತ್ತು, ನ್ಯಾಯದ ಬೆಲೆ ಕೊಡುವ ಮನಸ್ಸಿರಲಿಲ್ಲ. ಮುಂದೆ 1999ರ ಪ್ರಯೋಗದಲ್ಲಿ ಕೂತವರ ಎದುರು ಒಂದು ಕನ್ನಡಿ ಇಟ್ಟರು. ಈಗ ಚಿಮ್ಮಿದವರು ನಾಣ್ಯ ಹೇಳಿದಂತೆಯೇ ನಡೆದರು. ತಮ್ಮ ಮುಖ ತಮಗೆ ಕಂಡದ್ದೇ ಸಾಕಾಯಿತು.

ನಿಮಗೂ ಅಂಥ ಒಂದು ಕನ್ನಡಿ ಬೇಕು, ಮತ್ತು ಅದು ಮನೆಯಲ್ಲೇ ಇದೆ. ಮಗಳಿಗೆ ಹೀಗೆ ಹೇಳಿ ನೋಡಿ: ‘ಮೊಬೈಲ್ ಜಾಸ್ತಿ ನೋಡ್ಬೇಡ ಅಂತೀನಿ, ನನ್ನ ಕೈಯಲ್ಲೇ ಬಿಡೋಕೆ ಆಗ್ತಿಲ್ಲ. ಇಬ್ರೂ ಸೇರಿ ಪ್ರಯತ್ನ ಮಾಡೋಣ್ವಾ? ರಾತ್ರಿ ಒಂಬತ್ತೂವರೆಗೆ ಎರಡೂ ಮೊಬೈಲು ಹೊರಗಿನ ಮೇಜಿನ ಮೇಲೆ. ನಾನು ಮರೆತ್ರೆ ನೀನು ಹೇಳು. ಸಿಟ್ಟು ಮಾಡ್ಕೊಳ್ಳಲ್ಲ.’ ಕೊನೆಯ ವಾಕ್ಯವೇ ಇದರಲ್ಲಿ ಕಷ್ಟದ್ದು. ಅವಳು ಮೊದಲ ಸಲ ‘ಅಮ್ಮಾ, ಒಂಬತ್ತೂವರೆ’ ಅಂದಾಗ ನೀವು ಏನೋ ಮುಖ್ಯವಾದದ್ದನ್ನು ಓದುತ್ತಿರುತ್ತೀರಿ. ಆಗ ಮುಖ ಗಂಟಿಕ್ಕದೆ ಎದ್ದು ಹೋಗಿ ಇಟ್ಟು ಬಂದರೆ, ಉಪದೇಶದಿಂದ ಆಗದ್ದು ಆಗುತ್ತದೆ.

ಸೋತಿದ್ದೇನೆ ಅಂತ ಒಪ್ಪಿಕೊಂಡರೆ ಅವಳ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಅನ್ನುವ ಭಯ ಬೇಡ. ಜಿಲಿಯನ್ ಜೋರ್ಡನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೇಳುವುದೊಂದು ಮಾಡುವುದೊಂದು ಅನ್ನುವವರ ಮೇಲೆ ಜನಕ್ಕೆ ಸಿಟ್ಟು ಬರುವುದು ಬರೀ ಆ ತಪ್ಪಿಗಲ್ಲ. ಬೇರೆಯವರಿಗೆ ಬುದ್ಧಿ ಹೇಳುವ ಮೂಲಕ ತಾವು ಅದನ್ನು ಪಾಲಿಸುವವರು ಅಂತ ತೋರಿಸಿಕೊಂಡದ್ದಕ್ಕೆ. ‘ಇದು ತಪ್ಪು, ನಾನೂ ಕೆಲವು ಸಲ ಮಾಡ್ತೀನಿ’ ಅಂತ ಒಪ್ಪಿಕೊಂಡವರ ಮೇಲೆ ಆ ಸಿಟ್ಟು ಬರಲಿಲ್ಲ. ಹದಿನಾಲ್ಕರ ಮಕ್ಕಳು ತಪ್ಪು ಮಾಡುವ ಅಮ್ಮನನ್ನು ಬೇಕಾದಷ್ಟು ಸಹಿಸಿಕೊಳ್ಳುತ್ತಾರೆ. ತಪ್ಪೇ ಮಾಡದ ಹಾಗೆ ಮಾತಾಡುವ ಅಮ್ಮನನ್ನು ಸಹಿಸಿಕೊಳ್ಳುವುದಿಲ್ಲ.

ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಬಲವೂ ಇದೆ. ಎಲಿಯಟ್ ಆರನ್ಸನ್ ಮತ್ತು ಜೊತೆಗಾರರು 1992ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಈಜುಕೊಳದಲ್ಲಿ ನಡೆಸಿದ ಪ್ರಯೋಗ ಪ್ರಕಟಿಸಿದರು. ಈಜಿ ಸ್ನಾನಕ್ಕೆ ಹೊರಟವರಲ್ಲಿ ಕೆಲವರಿಂದ ‘ನೀರು ಉಳಿಸಿ’ ಅನ್ನುವ ಮನವಿಗೆ ಸಹಿ ಹಾಕಿಸಿದರು. ಅದರ ಜೊತೆಗೇ, ಅವರೇ ಎಷ್ಟು ನೀರು ಪೋಲು ಮಾಡುತ್ತಾರೆ ಅನ್ನುವ ಪ್ರಶ್ನೆಗಳನ್ನೂ ಕೇಳಿದರು. ಅವರು ಸ್ನಾನ ಮುಗಿಸಿದ್ದು ಸುಮಾರು 3 ನಿಮಿಷ 40 ಸೆಕೆಂಡಿನಲ್ಲಿ. ಏನೂ ಕೇಳದೆ ಬಿಟ್ಟವರು ತೆಗೆದುಕೊಂಡದ್ದು ಸುಮಾರು 5 ನಿಮಿಷ. ಬೇರೆಯವರಿಗೆ ಹೇಳುವ ಮಾತು ಮತ್ತು ತಮ್ಮದೇ ನಡೆ, ಎರಡೂ ಒಂದೇ ಹೊತ್ತಿನಲ್ಲಿ ಕಣ್ಣ ಮುಂದೆ ಬಂದಾಗ ನಡೆ ಬದಲಾಯಿತು. ಮಗಳಿಗೆ ಹೇಳುತ್ತಾ ಇರಿ, ನಿಮ್ಮದನ್ನೂ ಸೇರಿಸಿ ಹೇಳಿ ಅಂತ ನಾನು ಅನ್ನುವುದು ಇದಕ್ಕೇ.

ಕೊಟ್ಟ ಮಾತನ್ನು ಏನೇ ಆದರೂ ಉಳಿಸಬೇಕಾ ಅನ್ನುವುದಕ್ಕೆ ನನ್ನ ಉತ್ತರ: ಇಲ್ಲ. ಯಾರಿಗಾದರೂ ಕೇಡಾಗುವ ಮಾತು, ಗೊತ್ತಿಲ್ಲದೆ ಕೊಟ್ಟ ಮಾತು, ಒತ್ತಡದಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳುವುದರಲ್ಲಿ ದೊಡ್ಡತನವಿಲ್ಲ. ಅಭಿಪ್ರಾಯ ಬದಲಾಗುವುದೂ ತಪ್ಪಲ್ಲ. ಗಾಂಧೀಜಿ 1933ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ, ತಮ್ಮ ಎರಡು ಬರಹಗಳ ನಡುವೆ ಹೊಂದಾಣಿಕೆ ಇಲ್ಲ ಅನ್ನಿಸಿದರೆ ಆಮೇಲೆ ಬರೆದದ್ದನ್ನು ತೆಗೆದುಕೊಳ್ಳಿ ಅಂತ ಓದುಗರಿಗೆ ನೇರವಾಗಿಯೇ ಹೇಳಿದ್ದರು. ಬದಲಾದದ್ದನ್ನು ಎಲ್ಲರೆದುರು ಹೇಳುವುದು ಒಂದು, ಹೇಳದೆ ಜಾರಿಕೊಳ್ಳುವುದು ಇನ್ನೊಂದು. ಕೊಟ್ಟ ಮಾತಿನಿಂದ ನೀವು ಹೊರಬರಬೇಕಿದ್ದರೆ ಅದನ್ನು ಪಡೆದವರ ಹತ್ತಿರ ಹೋಗಿ, ‘ಇದನ್ನು ಮಾಡಲು ನನಗಾಗುತ್ತಿಲ್ಲ, ಬಿಡುಗಡೆ ಕೊಡ್ತೀರಾ?’ ಅಂತ ಕೇಳಿ. ನಿಮ್ಮಷ್ಟಕ್ಕೆ ನೀವೇ ಬಿಡಿಸಿಕೊಳ್ಳಬೇಡಿ. ಅವರಿಗೆ ಅದರಿಂದ ನಷ್ಟವಾಗಿದ್ದರೆ ತುಂಬಿಕೊಡುವ ದಾರಿಯನ್ನೂ ನೀವೇ ಎತ್ತಿ.

ಈಗಾಗಲೇ ಕೊಟ್ಟು ಬಾಕಿ ಉಳಿದ ಮಾತುಗಳು ನಿಮ್ಮ ಹತ್ತಿರ ಬೇಕಾದಷ್ಟಿರುತ್ತವೆ. ಹಳೆ ಸಾಲದ ಹಾಗೆ, ಅವು ತೀರದೆ ಹೊಸದಕ್ಕೆ ಬಲ ಬರುವುದಿಲ್ಲ. ಒಂದು ಸಂಜೆ ಕೂತು ನೆನಪಾದಷ್ಟನ್ನೂ ಬರೆಯಿರಿ. ಪುಸ್ತಕ ತಂದುಕೊಡ್ತೀನಿ ಅಂದದ್ದು, ಫೋನ್ ಮಾಡ್ತೀನಿ ಅಂದದ್ದು, ಪತ್ರ ಬರೆದುಕೊಡ್ತೀನಿ ಅಂದದ್ದು ಎಲ್ಲಾ. ಕೆಲವನ್ನು ಹತ್ತೇ ನಿಮಿಷದಲ್ಲಿ ಮುಗಿಸಬಹುದು, ಅವತ್ತೇ ಮುಗಿಸಿ. ಕೆಲವಕ್ಕೆ ದಿನ ಹಾಕಿ. ಉಳಿದವಕ್ಕೆ ‘ಆಗಲ್ಲ, ಕಾಯಿಸಿದ್ದಕ್ಕೆ ಕ್ಷಮಿಸಿ’ ಅಂತ ತಿಳಿಸಿ. ಈ ಮೂರನೆಯ ಗುಂಪು ನೀವಂದುಕೊಂಡದ್ದಕ್ಕಿಂತ ದೊಡ್ಡದಿರುತ್ತದೆ. ಅದನ್ನು ಕಳಿಸಿದ ಮೇಲೆ ಸಿಗುವ ಹಗುರವೂ ಹಾಗೇ.

ಕೊನೆಗೆ ವೈದ್ಯಕೀಯವಾದ ಒಂದು ವಿಷಯ. ಇದನ್ನೆಲ್ಲ ಎರಡು ಮೂರು ತಿಂಗಳು ಮನಸ್ಸಿಟ್ಟು ಮಾಡಿದ ಮೇಲೂ ಬರೆದಿಟ್ಟ ಪಟ್ಟಿಯೇ ಕಳೆದುಹೋಗುತ್ತಿದ್ದರೆ, ಶುರುಮಾಡಿದ ಕೆಲಸಗಳು ನಡುವೆಯೇ ಬಿಟ್ಟುಹೋಗುತ್ತಿದ್ದರೆ, ಶಾಲೆಯ ದಿನಗಳಿಂದಲೂ ಹೀಗೇ ಇದ್ದರೆ, ಒಮ್ಮೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟನ್ನೋ ಕಾಣಿ. ಗಮನದ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ, ದೊಡ್ಡವರಲ್ಲೂ ಇರುತ್ತದೆ. ಎಷ್ಟೋ ಜನರಲ್ಲಿ ನಡುವಯಸ್ಸಿನವರೆಗೂ ಪತ್ತೆಯಾಗಿರುವುದಿಲ್ಲ. ಅದರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ ಅಂತ ವೈದ್ಯರು ಕೇಳುತ್ತಾರೆ, ಹಾಗಾಗಿ ನಿಮ್ಮ ಬಾಲ್ಯ ಕಂಡ ಯಾರನ್ನಾದರೂ ವಿಚಾರಿಸಿಕೊಂಡು ಹೋಗಿ. ಇದು ಇತ್ತೀಚೆಗಷ್ಟೇ ಶುರುವಾಗಿದ್ದು, ಜೊತೆಗೆ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಅದು ಖಿನ್ನತೆಯೂ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಹೊಸದಾಗಿ ಯಾರಿಗೂ ‘ಹೂಂ’ ಅನ್ನುವ ಮೊದಲು ದಿನ, ಹೊತ್ತು, ಎಷ್ಟು ಕೆಲಸ ಅನ್ನುವ ಮೂರನ್ನು ಕೇಳಿ.